ಬಂದು ಹೋಗುವ ಕೇಬಲ್ ಅಂತರ್ಜಾಲ: ದೋಷ ಮನೆಯೊಳಗೋ, ಬೀದಿಯಲ್ಲೋ?

ಬೆಂಗಳೂರು: ಪೂರ್ತಿಯಾಗಿ ಕೆಟ್ಟುನಿಂತ ಅಂತರ್ಜಾಲ ಸಂಪರ್ಕ ಅಷ್ಟಾಗಿ ಕಾಡುವುದಿಲ್ಲ. ಕೆಟ್ಟಿರುವುದು ಮನೆಯವರಿಗೂ ಕಾಣುತ್ತದೆ, ದುರಸ್ತಿಗೆ ಬಂದವರಿಗೂ ಕಾಣುತ್ತದೆ. ನಿಜವಾದ ತಲೆನೋವು ಬಂದು ಹೋಗುವ ಸಂಪರ್ಕದ್ದು. ಕಚೇರಿಯ ವಿಡಿಯೊ ಸಭೆ ನಡೆಯುತ್ತಿರುವಾಗ ಐದು ನಿಮಿಷ ಕಡಿತ. ಮಕ್ಕಳು ಆನ್‌ಲೈನ್ ಪರೀಕ್ಷೆಯ ಉತ್ತರ ಸಲ್ಲಿಸುವ ಹೊತ್ತಿಗೆ ಮತ್ತೆ ಕಡಿತ. ದೂರು ದಾಖಲಿಸಿದ ಮರುದಿನ ತಂತ್ರಜ್ಞರು ಮನೆಗೆ ಬಂದಾಗ ಮೋಡೆಮ್‌ನ ದೀಪಗಳೆಲ್ಲ ಹಸಿರಾಗಿ ಬೆಳಗುತ್ತಿರುತ್ತವೆ. ವೈದ್ಯರ ಬಾಗಿಲು ತಲುಪುತ್ತಿದ್ದಂತೆ ಮಾಯವಾಗುವ ಹಲ್ಲುನೋವಿನಂತೆ ದೋಷ ಅಡಗಿ ಕುಳಿತಿರುತ್ತದೆ. ಅವರು ಬಂದ ದಾರಿಗೆ ಸುಂಕವಿಲ್ಲವೆಂದು ಮರಳುತ್ತಾರೆ. ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಸಂದೇಶ ಮೊಬೈಲ್‌ಗೆ ಬರುತ್ತದೆ. ಸಂಜೆ ಮತ್ತೆ ಅದೇ ಕಥೆ.

ಇಂಥ ದೋಷವನ್ನು ಹಿಡಿಯಲು ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಸಂಪರ್ಕ ಯಾವಾಗ ಕಡಿಯುತ್ತದೆ? ಎಲ್ಲಿ ಕಡಿಯುತ್ತದೆ? ಒಂದು ವಾರ ಮನಸ್ಸಿಟ್ಟು ಗಮನಿಸಿದರೆ ಎರಡಕ್ಕೂ ಉತ್ತರವನ್ನು ಮನೆಯವರೇ ಕಂಡುಕೊಳ್ಳಬಹುದು. ಆ ಉತ್ತರ ಕೈಯಲ್ಲಿದ್ದರೆ ದುರಸ್ತಿಯ ಕೆಲಸವೂ ಸಲೀಸು, ದೂರಿಗೆ ಬಲವೂ ಹೆಚ್ಚು.

ಮನೆಗೆ ಬರುವ ತಂತಿ ಯಾವುದು?

‘ಕೇಬಲ್ ಇಂಟರ್ನೆಟ್’ ಎಂದು ರಾಜ್ಯದ ನಗರಗಳಲ್ಲಿ ಕರೆಯುವ ಸೇವೆ ವಾಸ್ತವದಲ್ಲಿ ಮೂರು ಬಗೆಯದು. ಮೊದಲನೆಯದು ಟಿವಿ ವಾಹಿನಿಗಳು ಬರುವ ದಪ್ಪನೆಯ ಕೋಆಕ್ಸಿಯಲ್ ಕೇಬಲ್‌ನಲ್ಲೇ ಅಂತರ್ಜಾಲವೂ ಬರುವ ವ್ಯವಸ್ಥೆ. ಇದರ ತುದಿಯಲ್ಲಿ ತಿರುಗಿಸಿ ಬಿಗಿಯುವ ಲೋಹದ ಕನೆಕ್ಟರ್ ಇದ್ದು, ಅದರ ನಡುವೆ ತಾಮ್ರದ ಒಂದೇ ಸೂಜಿ ಕಾಣುತ್ತದೆ. ಎರಡನೆಯದು ಕಟ್ಟಡದವರೆಗೆ ಫೈಬರ್ ತಂದು, ಅಲ್ಲಿಂದ ಮನೆಗೆ ಲ್ಯಾನ್ ತಂತಿ ಎಳೆಯುವ ವ್ಯವಸ್ಥೆ. ದೂರವಾಣಿ ಪ್ಲಗ್‌ಗಿಂತ ತುಸು ಅಗಲವಾದ ಪ್ಲಾಸ್ಟಿಕ್ ತುದಿ ಇದರ ಗುರುತು. ಮೂರನೆಯದು ಮನೆಯ ಒಳಗಿನವರೆಗೂ ಬರುವ ಫೈಬರ್. ಹಸಿರು ಅಥವಾ ನೀಲಿ ಬಣ್ಣದ ಚಿಕ್ಕ ಚೌಕಾಕಾರದ ತುದಿ ಇದಕ್ಕಿರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಹಲವು ಕೇಬಲ್ ಸೇವಾದಾರರು ಮೂರನೆಯ ವ್ಯವಸ್ಥೆಗೆ ಬದಲಾಗಿದ್ದಾರೆ. ಆದರೂ ಪರೀಕ್ಷೆಯ ಕ್ರಮ ಮೂರಕ್ಕೂ ಹೆಚ್ಚುಕಡಿಮೆ ಒಂದೇ. ಬಂದು ಹೋಗುವ ಕಾಯಿಲೆ ಅತಿ ಹೆಚ್ಚಾಗಿ ಕಾಡುವುದು ಕೋಆಕ್ಸಿಯಲ್ ಕೇಬಲ್ ಅನ್ನು. ಆದ್ದರಿಂದ ಅದರ ಒಳಗುಟ್ಟನ್ನು ಮೊದಲು ಅರಿಯುವುದು ಒಳಿತು.

ಒಂದೇ ತಂತಿ, ಎರಡು ದಿಕ್ಕಿನ ಸಂಚಾರ

ಟಿವಿ ಕೇಬಲ್ ಮೂಲತಃ ಒಂದೇ ದಿಕ್ಕಿನದು. ಕೇಂದ್ರದಿಂದ ಮನೆಗೆ ಸಂಕೇತ ಹರಿದರೆ ಸಾಕಿತ್ತು. ಅಂತರ್ಜಾಲಕ್ಕೆ ಮನೆಯಿಂದ ಕೇಂದ್ರಕ್ಕೂ ಮಾತು ತಲುಪಬೇಕು. ಇದಕ್ಕಾಗಿ ಅಮೆರಿಕದ ಕೇಬಲ್‌ಲ್ಯಾಬ್ಸ್ ಸಂಸ್ಥೆ 1997ರಲ್ಲಿ ‘ಡಾಕ್ಸಿಸ್’ ಎಂಬ ಮಾನದಂಡವನ್ನು ಹೊರತಂದಿತು. ಕೇಬಲ್ ಮೋಡೆಮ್‌ಗಳು ಇಂದಿಗೂ ಇದರ ಸುಧಾರಿತ ಆವೃತ್ತಿಗಳನ್ನೇ ಅನುಸರಿಸುತ್ತವೆ.

ಈ ವ್ಯವಸ್ಥೆಯಲ್ಲಿ ಮನೆಯಿಂದ ಹೊರಡುವ ಸಂಕೇತಕ್ಕೆ ಕೆಳಗಿನ ಕಂಪನಾಂಕಗಳನ್ನು ಮೀಸಲಿಡಲಾಗಿದೆ. ಸಾಮಾನ್ಯವಾಗಿ 5 ಮೆಗಾಹರ್ಟ್ಸ್‌ನಿಂದ ಆರಂಭವಾಗಿ 42 ಅಥವಾ 65 ಮೆಗಾಹರ್ಟ್ಸ್‌ವರೆಗೆ ಇದರ ವ್ಯಾಪ್ತಿ. ನೀರೆತ್ತುವ ಮೋಟಾರು, ಹಳೆಯ ಟ್ಯೂಬ್‌ಲೈಟ್‌ನ ಚೋಕ್, ಕಳಪೆ ಚಾರ್ಜರ್ ಮೊದಲಾದವು ಹೊರಡಿಸುವ ವಿದ್ಯುತ್ ಗದ್ದಲವೂ ಇದೇ ವ್ಯಾಪ್ತಿಯಲ್ಲಿ ಸುಳಿಯುತ್ತದೆ. ಕೇಬಲ್‌ನ ಹೊರಕವಚ ಸರಿಯಾಗಿದ್ದರೆ ಗದ್ದಲ ಒಳನುಗ್ಗದು. ಕನೆಕ್ಟರ್ ಸಡಿಲವಾಗಿದ್ದರೆ ಅಥವಾ ಕವಚ ಹರಿದಿದ್ದರೆ ಆ ಜಾಗವೇ ಆಂಟೆನಾ ಆಗಿಬಿಡುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಒಂದು ಬೀದಿಯ ಹತ್ತಾರು ಮನೆಗಳ ಕೇಬಲ್‌ಗಳು ಹಳ್ಳಗಳು ನದಿಗೆ ಸೇರುವಂತೆ ಒಂದೇ ನೋಡ್‌ಗೆ ಸೇರುತ್ತವೆ. ಪ್ರತಿ ಮನೆಯ ಗದ್ದಲವೂ ಅಲ್ಲಿ ಒಟ್ಟುಗೂಡುತ್ತದೆ. ಹೀಗಾಗಿ ನಾಲ್ಕು ಮನೆ ಆಚೆಗಿನ ಒಂದು ಸಡಿಲ ಕನೆಕ್ಟರ್ ಇಡೀ ಬೀದಿಯ ಸಂಪರ್ಕವನ್ನು ಕೆಡಿಸಬಲ್ಲದು. ಅಂಥ ಸಂದರ್ಭದಲ್ಲಿ ಗ್ರಾಹಕರು ತಮ್ಮ ಮೋಡೆಮ್ ಬದಲಿಸಿದರೂ ರೂಟರ್ ಬದಲಿಸಿದರೂ ಹಣ ಖರ್ಚಾಗುವುದೇ ಹೊರತು ದೋಷ ನೀಗುವುದಿಲ್ಲ. ಏನನ್ನಾದರೂ ಕೊಳ್ಳುವ ಮುನ್ನ ದೋಷ ಎಲ್ಲಿದೆ ಎಂದು ತಿಳಿಯಬೇಕು ಎನ್ನುವುದು ಈ ಕಾರಣಕ್ಕೆ.

ಮೊದಲ ಹೆಜ್ಜೆ: ಒಂದು ವಾರದ ದಿನಚರಿ

ಮಕ್ಕಳ ಹಳೆಯ ನೋಟ್ ಪುಸ್ತಕವೊಂದು ಮೋಡೆಮ್‌ನ ಪಕ್ಕದಲ್ಲಿರಲಿ. ಸಂಪರ್ಕ ಹೋದಾಗಲೆಲ್ಲ ಈ ವಿವರಗಳನ್ನು ಬರೆಯಬೇಕು: ದಿನಾಂಕ, ಹೋದ ವೇಳೆ, ಮರಳಿದ ವೇಳೆ, ಆಗ ಮೋಡೆಮ್‌ನಲ್ಲಿ ಯಾವ ದೀಪ ಉರಿಯುತ್ತಿತ್ತು, ಯಾವುದು ಮಿನುಗುತ್ತಿತ್ತು, ಮಳೆ ಅಥವಾ ಬಿಸಿಲು ಇತ್ತೇ, ವಿದ್ಯುತ್ ಹೋಗಿತ್ತೇ, ತಾನಾಗಿ ಮರಳಿತೇ ಅಥವಾ ಮೋಡೆಮ್ ಆರಿಸಿ ಹೊತ್ತಿಸಬೇಕಾಯಿತೇ.

ಕೊನೆಯ ಅಂಶ ಮುಖ್ಯ. ಸಂಪರ್ಕ ಹೋದೊಡನೆ ಸ್ವಿಚ್ ಆರಿಸಿ ಹೊತ್ತಿಸುವುದು ಎಲ್ಲರ ರೂಢಿ. ಇದರಿಂದ ಮೋಡೆಮ್‌ನ ಸ್ಮೃತಿಯಲ್ಲಿದ್ದ ದೋಷದ ಸುಳಿವು ಅಳಿಸಿಹೋಗುವ ಸಂಭವವಿದೆ. ಕನಿಷ್ಠ ಐದು ನಿಮಿಷ ಕಾದು, ದೀಪಗಳ ಸ್ಥಿತಿಯನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಂಡು, ಅನಂತರವೇ ಸ್ವಿಚ್ ಮುಟ್ಟುವುದು ಲೇಸು.

ಪಕ್ಕದ ಮನೆಯವರಿಗೂ ಅದೇ ಸೇವಾದಾರರ ಸಂಪರ್ಕ ಇದ್ದರೆ ಒಂದು ಫೋನ್ ಕರೆ ಮಾಡಿ ವಿಚಾರಿಸಬಹುದು. ಇಬ್ಬರಿಗೂ ಒಂದೇ ವೇಳೆಗೆ ಹೋಗಿದ್ದರೆ ದೋಷ ಬೀದಿಯಲ್ಲಿದೆ ಎನ್ನಲು ಅದಕ್ಕಿಂತ ಸುಲಭದ ಸಾಕ್ಷಿ ಬೇಕಿಲ್ಲ.

ವೇಳೆಯೇ ಹೇಳುವ ಕಾರಣ

ವಾರದ ಕೊನೆಯಲ್ಲಿ ಪುಸ್ತಕ ತೆರೆದರೆ ಬಹುತೇಕ ಸಂದರ್ಭಗಳಲ್ಲಿ ಒಂದು ಕ್ರಮ ಕಾಣಿಸುತ್ತದೆ.

* ಮಳೆ ಬಂದಾಗ ಅಥವಾ ಮಳೆ ನಿಂತ ಕೆಲ ಗಂಟೆಗಳವರೆಗೆ: ಹೊರಗಿನ ಕನೆಕ್ಟರ್‌ಗೆ ನೀರು ಇಳಿಯುತ್ತಿದೆ. ಬಿಸಿಲು ಬಂದು ಒಣಗಿದೊಡನೆ ಸಂಪರ್ಕ ಸರಿಹೋಗುತ್ತದೆ. ತಂತ್ರಜ್ಞರು ಬರುವುದೂ ಆಗಲೇ. ಕರಾವಳಿಯ ಉಪ್ಪು ಗಾಳಿಯಲ್ಲಿ ಕನೆಕ್ಟರ್‌ಗೆ ಹಿಡಿಯುವ ತುಕ್ಕು ಈ ತೊಂದರೆಯನ್ನು ಹೆಚ್ಚಿಸುತ್ತದೆ.

* ನಡುಹಗಲಿನಲ್ಲಿ ಮಾತ್ರ: ಬಿಸಿಲಿಗೆ ಲೋಹ ಹಿಗ್ಗಿ ಸಡಿಲ ಜೋಡಣೆ ಬಿಡುತ್ತಿರಬಹುದು. ತಾರಸಿಯ ಮೇಲಿನ ತಗಡಿನ ಪೆಟ್ಟಿಗೆಯಲ್ಲಿರುವ ಸ್ವಿಚ್ ಅಥವಾ ಆಂಪ್ಲಿಫೈಯರ್ ಕಾದು ಕೈಕೊಡುತ್ತಿರಬಹುದು. ಬಳ್ಳಾರಿ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಇದನ್ನು ಮೊದಲು ಶಂಕಿಸಬೇಕು.

* ರಾತ್ರಿ 7ರಿಂದ 11ರವರೆಗೆ, ಪೂರ್ತಿ ಕಡಿಯದೆ ನಿಧಾನವಾಗುವುದು: ಜಾಲದ ದಟ್ಟಣೆ. ಇದಕ್ಕೆ ಮನೆಯಲ್ಲಿ ಮದ್ದಿಲ್ಲ. ಸೇವಾದಾರರೇ ಸಾಮರ್ಥ್ಯ ಹೆಚ್ಚಿಸಬೇಕು.

* ಮನೆಯಲ್ಲಿ ಕರೆಂಟ್ ಇದ್ದರೂ ಸಂಪರ್ಕ ಇಲ್ಲ: ಬೀದಿಯ ಆಂಪ್ಲಿಫೈಯರ್ ಅಥವಾ ನೋಡ್ ಬೇರೆ ವಿದ್ಯುತ್ ಮಾರ್ಗದಲ್ಲಿದ್ದು, ಅಲ್ಲಿ ವಿದ್ಯುತ್ ಹೋಗಿರಬಹುದು. ಮನೆಗೆ ಯುಪಿಎಸ್ ಹಾಕಿಸಿದ ಮಾತ್ರಕ್ಕೆ ಇದು ಸರಿಹೋಗದು. ಆ ಉಪಕರಣಕ್ಕೂ ಬ್ಯಾಟರಿ ಇರಬೇಕು ಎಂದು ಸೇವಾದಾರರನ್ನು ಒತ್ತಾಯಿಸಬೇಕು.

* ಮೋಟಾರು, ಮಿಕ್ಸಿ ಅಥವಾ ಲಿಫ್ಟ್ ಚಾಲೂ ಆದಾಗ: ವಿದ್ಯುತ್ ಗದ್ದಲ ಕೇಬಲ್‌ಗೆ ನುಸುಳುತ್ತಿದೆ, ಇಲ್ಲವೇ ವೋಲ್ಟೇಜ್ ಕುಸಿದು ಮೋಡೆಮ್ ಮರುಚಾಲನೆಗೊಳ್ಳುತ್ತಿದೆ.

* ಗಡಿಯಾರ ನೋಡಿಕೊಂಡಂತೆ ನಿಖರ ಅಂತರದಲ್ಲಿ: ತಂತಿಯ ದೋಷ ಹೀಗೆ ವೇಳೆ ಪಾಲಿಸುವುದಿಲ್ಲ. ಲಾಗಿನ್ ಅವಧಿ ಮುಗಿಯುವುದು, ಐಪಿ ವಿಳಾಸದ ನವೀಕರಣ ವಿಫಲವಾಗುವುದು ಮೊದಲಾದ ವ್ಯವಸ್ಥೆಯ ದೋಷಗಳನ್ನು ಶಂಕಿಸಬೇಕು.

* ಒಂದೇ ಕೋಣೆಯಲ್ಲಿ ಅಥವಾ ಒಂದೇ ಮೊಬೈಲ್‌ನಲ್ಲಿ: ದೋಷ ಅಂತರ್ಜಾಲದ್ದಲ್ಲ, ವೈ-ಫೈಯದು ಅಥವಾ ಆ ಉಪಕರಣದ್ದು.

ಎಲ್ಲಿ ಕಡಿಯಿತು? ಮೂರು ಕಿಟಕಿಗಳ ಪರೀಕ್ಷೆ

ವೇಳೆ ತಿಳಿದ ಬಳಿಕ ಸ್ಥಳವನ್ನು ಪತ್ತೆ ಹಚ್ಚಬೇಕು. ಇದಕ್ಕೆ ವಿಂಡೋಸ್ ಕಂಪ್ಯೂಟರ್‌ನಲ್ಲಿರುವ ‘ಕಮಾಂಡ್ ಪ್ರಾಂಪ್ಟ್’ ಸಾಕು. ಕಂಪ್ಯೂಟರ್ ಅನ್ನು ವೈ-ಫೈ ಬದಲು ತಂತಿಯ ಮೂಲಕ ರೂಟರ್‌ಗೆ ಜೋಡಿಸಿಕೊಂಡರೆ ಫಲಿತಾಂಶದಲ್ಲಿ ಗೊಂದಲವಿರದು.

‘ಪಿಂಗ್’ ಎಂಬ ಆದೇಶವು ಒಂದು ವಿಳಾಸಕ್ಕೆ ಕೂಗು ಹಾಕಿ, ಓಗೊಟ್ಟಿತೇ ಎಂದು ನೋಡುತ್ತದೆ. ಪಿಂಗ್ ಎಂದು ಬರೆದು, ವಿಳಾಸ ನಮೂದಿಸಿ, ಕೊನೆಗೆ ಅಡ್ಡಗೆರೆ ಹಾಗೂ ಇಂಗ್ಲಿಷ್‌ನ ‘ಟಿ’ ಅಕ್ಷರ ಸೇರಿಸಿದರೆ ನಿಲ್ಲಿಸುವವರೆಗೂ ಕೂಗುತ್ತಲೇ ಇರುತ್ತದೆ. ಕಂಟ್ರೋಲ್ ಹಾಗೂ ‘ಸಿ’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ನಿಂತು, ಎಷ್ಟು ಕೂಗಿಗೆ ಉತ್ತರ ಬರಲಿಲ್ಲ ಎಂಬ ಲೆಕ್ಕ ಕೊಡುತ್ತದೆ.

ಮೂರು ಕಿಟಕಿಗಳನ್ನು ತೆರೆದು ಮೂರು ವಿಳಾಸಗಳನ್ನು ಏಕಕಾಲಕ್ಕೆ ಕೂಗಬೇಕು. ಮೊದಲನೆಯದು ಮನೆಯ ರೂಟರ್. ಅದರ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಎರಡನೆಯದು ಸೇವಾದಾರರ ಜಾಲದ ಮೊದಲ ನಿಲ್ದಾಣ. ‘ಟ್ರೇಸರ್ಟ್’ ಆದೇಶವನ್ನು 8.8.8.8 ವಿಳಾಸಕ್ಕೆ ಕೊಟ್ಟಾಗ ರೂಟರ್‌ನ ನಂತರದ ಸಾಲಿನಲ್ಲಿ ಅದರ ವಿಳಾಸ ಕಾಣುತ್ತದೆ. ಮೂರನೆಯದು ಹೊರಜಗತ್ತು, ಅಂದರೆ ಗೂಗಲ್‌ನ 8.8.8.8.

ಸಂಪರ್ಕ ಕಡಿದಾಗ ಮೂರೂ ಕಿಟಕಿಗಳನ್ನು ಗಮನಿಸಬೇಕು. ಮೊದಲನೆಯದೇ ನಿಂತಿದ್ದರೆ ದೋಷ ರೂಟರ್‌ನಲ್ಲಿದೆ ಅಥವಾ ಕಂಪ್ಯೂಟರ್‌ವರೆಗಿನ ತಂತಿಯಲ್ಲಿದೆ. ಮೊದಲನೆಯದು ನಡೆಯುತ್ತಿದ್ದು ಎರಡನೆಯದೂ ಮೂರನೆಯದೂ ನಿಂತಿದ್ದರೆ ಮೋಡೆಮ್, ಮನೆಯ ಕೇಬಲ್ ಅಥವಾ ಬೀದಿಯ ಜಾಲ ಕಾರಣ. ಮೂರನೆಯದು ಮಾತ್ರ ನಿಂತಿದ್ದರೆ ದೋಷ ಸೇವಾದಾರರ ಒಳಜಾಲದಲ್ಲಿ ಅಥವಾ ಅದರಾಚೆ ಇದೆ. ಮನೆಯಲ್ಲಿ ಮಾಡುವಂಥದ್ದೇನೂ ಇಲ್ಲ. ಕೆಲವು ಸೇವಾದಾರರ ಉಪಕರಣಗಳು ಪಿಂಗ್‌ಗೆ ಓಗೊಡದಂತೆ ಹೊಂದಿಸಲ್ಪಟ್ಟಿರುತ್ತವೆ. ಎರಡನೆಯ ಕಿಟಕಿ ಮೊದಲಿನಿಂದಲೂ ಮೌನವಾಗಿದ್ದರೆ ಅದನ್ನು ದೋಷವೆಂದು ಎಣಿಸಬಾರದು.

ಮೂರೂ ಕಿಟಕಿಗಳು ಓಗೊಡುತ್ತಿದ್ದು ಜಾಲತಾಣಗಳು ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಕೈಕೊಟ್ಟಿದೆ ಎಂದರ್ಥ. ತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸಿಕೊಡುವ ವ್ಯವಸ್ಥೆ ಇದು. ರೂಟರ್‌ನ ಡಿಎನ್‌ಎಸ್ ಜಾಗದಲ್ಲಿ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ನಮೂದಿಸಿದರೆ ತೊಂದರೆ ನೀಗಬಹುದು.

ವೈ-ಫೈ ಮೇಲೆ ಅನುಮಾನ

ತಂತಿಯಲ್ಲಿ ಸರಿಯಾಗಿದ್ದು ವೈ-ಫೈಯಲ್ಲಿ ಮಾತ್ರ ಕಡಿಯುತ್ತಿದ್ದರೆ ಸೇವಾದಾರರನ್ನು ದೂರುವುದು ವ್ಯರ್ಥ. ಅಪಾರ್ಟ್‌ಮೆಂಟ್‌ಗಳಲ್ಲಿ ಅಕ್ಕಪಕ್ಕದ ಹತ್ತಾರು ರೂಟರ್‌ಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಿಕ್ಕಿರಿದಿರುತ್ತವೆ. ಈ ಪಟ್ಟಿಯಲ್ಲಿ ಒಂದಕ್ಕೊಂದು ಅಡ್ಡಬಾರದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ. ರೂಟರ್‌ಗೆ 5 ಗಿಗಾಹರ್ಟ್ಸ್ ಸೌಲಭ್ಯವಿದ್ದರೆ ಹತ್ತಿರದ ಕೋಣೆಗಳಿಗೆ ಅದನ್ನೇ ಬಳಸುವುದು ಲೇಸು. ಗೋಡೆ ದಾಟುವ ಶಕ್ತಿ ಅದಕ್ಕೆ ಕಡಿಮೆ ಎಂಬುದು ನೆನಪಿರಲಿ. ರೂಟರ್ ಅನ್ನು ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಮೇಲೆ ಅಥವಾ ಮುಚ್ಚಿದ ಕಪಾಟಿನೊಳಗೆ ಇಡಬಾರದು.

ಹತ್ತಿರದ ಶಂಕಿತ: ಅಡಾಪ್ಟರ್

ಮೋಡೆಮ್‌ನ ಎಲ್ಲ ದೀಪಗಳೂ ಒಮ್ಮೆಗೇ ಆರಿ ಮತ್ತೆ ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದರೆ ಮೋಡೆಮ್ ತಾನೇ ಮರುಚಾಲನೆಗೊಳ್ಳುತ್ತಿದೆ. ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ಗೋಡೆಗೆ ಸಿಕ್ಕಿಸುವ ಅಡಾಪ್ಟರ್. ವರ್ಷಗಟ್ಟಲೆ ಹಗಲಿರುಳು ಕಾದು ಅದರೊಳಗಿನ ಕೆಪಾಸಿಟರ್ ಬಡವಾಗುತ್ತದೆ. ಹಗುರ ಕೆಲಸವಿದ್ದಾಗ ನಡೆಸಿಕೊಂಡು ಹೋಗಿ, ಹೊರೆ ಹೆಚ್ಚಾದಾಗ ಕುಸಿಯುತ್ತದೆ.

ಬದಲಿಸುವಾಗ ಹಳೆಯದರ ಮೇಲೆ ಬರೆದಿರುವ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು, ಪಿನ್ನಿನ ಧನ-ಋಣ ಗುರುತು ಹೊಂದಬೇಕು. 12 ವೋಲ್ಟ್‌ನ ಮೋಡೆಮ್‌ಗೆ 9 ವೋಲ್ಟ್‌ನ ಅಡಾಪ್ಟರ್ ಹಾಕಿದರೆ ಕೆಲವೊಮ್ಮೆ ದೀಪ ಹತ್ತುತ್ತದೆ, ಆದರೆ ದೋಷ ಇಮ್ಮಡಿಯಾಗುತ್ತದೆ. ಸಡಿಲವಾದ ಎಕ್ಸ್‌ಟೆನ್ಷನ್ ಬೋರ್ಡ್ ಕೂಡ ಇದೇ ಲಕ್ಷಣ ತೋರಿಸುತ್ತದೆ. ಅಡಾಪ್ಟರ್ ಕೊಳ್ಳುವ ಮುನ್ನ ಮೋಡೆಮ್ ಅನ್ನು ಗೋಡೆಯ ಸಾಕೆಟ್‌ಗೆ ನೇರವಾಗಿ ಜೋಡಿಸಿ ಒಂದು ದಿನ ನೋಡಬೇಕು.

ಕೇಬಲ್, ಕನೆಕ್ಟರ್, ಸ್ಪ್ಲಿಟರ್

ಕೋಆಕ್ಸಿಯಲ್ ಕೇಬಲ್ ಇರುವ ಮನೆಗಳಲ್ಲಿ ಅತಿ ಹೆಚ್ಚು ದೋಷಗಳು ಸಿಗುವುದು ಜೋಡಣೆಗಳಲ್ಲಿ. ಮೋಡೆಮ್‌ನ ಹಿಂಬದಿಯ ಕನೆಕ್ಟರ್ ಅನ್ನು ಬೆರಳಿನಿಂದ ಬಿಗಿ ಮಾಡಿ ನೋಡಬೇಕು. ಬಿಚ್ಚಿದಾಗ ನಡುವಿನ ತಾಮ್ರದ ಸೂಜಿ ಹೊಳೆಯುತ್ತಿರಬೇಕು. ಕಪ್ಪಾಗಿದ್ದರೆ, ಹಸಿರುಗಟ್ಟಿದ್ದರೆ ಅಥವಾ ಬಾಗಿದ್ದರೆ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಬೇಕು. ಹೊರಕವಚದ ಹೆಣಿಗೆಯ ಒಂದು ಎಳೆ ಸೂಜಿಗೆ ತಗುಲುತ್ತಿದ್ದರೂ ಸಾಕು, ಸಂಪರ್ಕ ಮನಸ್ಸು ಬಂದಂತೆ ವರ್ತಿಸುತ್ತದೆ. ಕೈಯಿಂದ ತಿರುಗಿಸಿ ಕೂರಿಸುವ ಕನೆಕ್ಟರ್‌ಗಿಂತ ಉಪಕರಣದಿಂದ ಒತ್ತಿ ಕೂರಿಸುವ ಕಂಪ್ರೆಷನ್ ಬಗೆಯದು ಬಾಳಿಕೆ ಬರುತ್ತದೆ.

ಮುಂದಿನದು ಸ್ಪ್ಲಿಟರ್. ಟಿವಿಗೂ ಮೋಡೆಮ್‌ಗೂ ಸಂಕೇತ ಹಂಚುವ ಈ ಪುಟ್ಟ ಲೋಹದ ಪೆಟ್ಟಿಗೆ ಪುಕ್ಕಟೆಯಾಗಿ ಹಂಚುವುದಿಲ್ಲ. ಎರಡು ಕವಲಿನ ಸ್ಪ್ಲಿಟರ್‌ನಲ್ಲಿ ಪ್ರತಿ ಕವಲಿಗೂ ಸುಮಾರು 3.5 ಡೆಸಿಬೆಲ್ ನಷ್ಟ, ನಾಲ್ಕು ಕವಲಿನದರಲ್ಲಿ ಸುಮಾರು 7 ಡೆಸಿಬೆಲ್. 7 ಡೆಸಿಬೆಲ್ ಎಂದರೆ ಸಂಕೇತದ ಶಕ್ತಿ ಐದನೇ ಒಂದು ಭಾಗಕ್ಕೆ ಇಳಿಯಿತೆಂದು ತಿಳಿಯಬೇಕು. ಟಿವಿ ಇಷ್ಟು ನಷ್ಟವನ್ನು ಸಹಿಸಿದರೂ ಮೋಡೆಮ್ ತತ್ತರಿಸಬಹುದು. ಮನೆಗೆ ಕೇಬಲ್ ಬರುವ ಜಾಗದಲ್ಲೇ ಎರಡು ಕವಲು ಮಾಡಿ, ಒಂದನ್ನು ನೇರವಾಗಿ ಮೋಡೆಮ್‌ಗೆ ಕೊಟ್ಟು, ಇನ್ನೊಂದರಿಂದ ಎಲ್ಲ ಟಿವಿಗಳಿಗೆ ಹಂಚುವುದು ಸರಿಯಾದ ಕ್ರಮ.

ಪರೀಕ್ಷೆಗಾಗಿ ಸ್ಪ್ಲಿಟರ್ ಅನ್ನೇ ಬಿಟ್ಟು ಕೇಬಲ್ ಅನ್ನು ನೇರವಾಗಿ ಮೋಡೆಮ್‌ಗೆ ಎರಡು ದಿನ ಜೋಡಿಸಿಡಬಹುದು. ಟಿವಿ ಧಾರಾವಾಹಿ ತಪ್ಪಿತೆಂಬ ಮುನಿಸನ್ನು ಮನೆಮಂದಿ ಸಹಿಸಬೇಕಾದೀತು. ಆದರೆ ಆ ಎರಡು ದಿನ ಸಂಪರ್ಕ ಒಮ್ಮೆಯೂ ಕಡಿಯದಿದ್ದರೆ ಕಳ್ಳ ಸಿಕ್ಕಿಬಿದ್ದಂತೆಯೇ. ಬಳಸದ ಕವಲುಗಳನ್ನು ಬರಿದಾಗಿ ಬಿಡದೆ 75 ಓಮ್‌ನ ಟರ್ಮಿನೇಟರ್ ಮುಚ್ಚಳ ಹಾಕಿಸಿದರೆ ಗದ್ದಲ ನುಸುಳದು.

ಕಿಟಕಿಯ ಬಳಿ ಕೇಬಲ್ ಒಳಬರುವ ಜಾಗ, ಬಾಗಿಲಿಗೆ ಸಿಕ್ಕಿ ಚಪ್ಪಟೆಯಾದ ಜಾಗ, ಇಲಿ ಅಥವಾ ಅಳಿಲು ಕಡಿದ ಗುರುತು, ಮರದ ಕೊಂಬೆ ಉಜ್ಜುವ ಜಾಗ ಇವನ್ನು ನೆಲದ ಮೇಲೆ ನಿಂತೇ ಕಣ್ಣಾಡಿಸಿ ನೋಡಬಹುದು. ಕೇಬಲ್ ಗೋಡೆಯೊಳಕ್ಕೆ ಹೋಗುವ ಮುನ್ನ ಕೆಳಕ್ಕೆ ಜೋತುಬಿದ್ದು ಮೇಲೇರುವಂತೆ ಒಂದು ಬಾಗು ಇದ್ದರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ.

ಮೋಡೆಮ್ ಬರೆದಿಡುವ ಅಂಕಿಗಳು

ಬಹಳಷ್ಟು ಕೇಬಲ್ ಮೋಡೆಮ್‌ಗಳು ಬ್ರೌಸರ್‌ನಲ್ಲಿ 192.168.100.1 ಎಂದು ನಮೂದಿಸಿದರೆ ತಮ್ಮ ಸ್ಥಿತಿಗತಿಯ ಪುಟವನ್ನು ತೋರಿಸುತ್ತವೆ. ಅಲ್ಲಿ ನೋಡಬೇಕಾದವು ಮೂರು ಅಂಕಿಗಳು.

ಮೊದಲನೆಯದು ಮನೆಗೆ ಬರುವ ಸಂಕೇತದ ಬಲ. ಶೂನ್ಯದ ಆಸುಪಾಸಿನಲ್ಲಿ, ಅಂದರೆ ಮೈನಸ್ 7ರಿಂದ ಪ್ಲಸ್ 7 ಡಿಬಿಎಂವಿಯೊಳಗೆ ಇದ್ದರೆ ಉತ್ತಮ. ಮಾನದಂಡ ಮೈನಸ್ 15ರಿಂದ ಪ್ಲಸ್ 15ರವರೆಗೆ ಒಪ್ಪುತ್ತದಾದರೂ ಅಂಚಿನಲ್ಲಿರುವ ಮೋಡೆಮ್ ಸಣ್ಣ ಏರುಪೇರಿಗೂ ಕಡಿದುಕೊಳ್ಳುತ್ತದೆ. ಎರಡನೆಯದು ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತ. ಇದು 33 ಡೆಸಿಬೆಲ್‌ಗಿಂತ ಮೇಲಿದ್ದರೆ ನಿಶ್ಚಿಂತೆ. ಮೂರನೆಯದು ಮೋಡೆಮ್ ಹೊರಕ್ಕೆ ಕಳುಹಿಸುವ ಬಲ. 35ರಿಂದ 49 ಡಿಬಿಎಂವಿಯೊಳಗೆ ಇರಬೇಕು. ದಾರಿಯಲ್ಲಿ ನಷ್ಟ ಹೆಚ್ಚಾದಷ್ಟೂ ಮೋಡೆಮ್ ದನಿ ಏರಿಸುತ್ತ ಹೋಗುತ್ತದೆ. 50 ದಾಟಿದ್ದರೆ ಅದು ಗಂಟಲು ಹರಿಯುವಂತೆ ಕೂಗುತ್ತಿದೆ ಎಂದರ್ಥ. ಇನ್ನು ತುಸು ನಷ್ಟವಾದರೂ ಅದರ ಕೂಗು ಕೇಂದ್ರಕ್ಕೆ ಕೇಳಿಸದು.

ಇದೇ ಪುಟದ ಘಟನಾವಳಿಯಲ್ಲಿ ‘ಟಿ3’ ಹಾಗೂ ‘ಟಿ4’ ಎಂಬ ಸಂಕೇತಗಳು ಕಾಣಿಸಬಹುದು. ಮೋಡೆಮ್ ಕೂಗಿದರೂ ಕೇಂದ್ರದಿಂದ ಉತ್ತರ ಬರಲಿಲ್ಲ ಎಂಬುದು ಟಿ3. ಕೇಂದ್ರವು ಮಾತಾಡಲು ಅವಕಾಶವನ್ನೇ ಕೊಡಲಿಲ್ಲ, ಅಥವಾ ಕೊಟ್ಟದ್ದು ಮೋಡೆಮ್‌ಗೆ ಕೇಳಿಸಲಿಲ್ಲ ಎಂಬುದು ಟಿ4. ಅಪರೂಪಕ್ಕೊಮ್ಮೆ ಟಿ3 ಬಂದರೆ ಚಿಂತೆಯಿಲ್ಲ. ದಿನಚರಿಯಲ್ಲಿ ಬರೆದ ವೇಳೆಗೇ ಸಾಲುಸಾಲಾಗಿ ಬಂದಿದ್ದರೆ ಹೊರಹೋಗುವ ದಾರಿಯಲ್ಲಿ ಗದ್ದಲವಿದೆ ಎನ್ನಲು ಪುರಾವೆ ಸಿಕ್ಕಂತೆ.

ಸಂಪರ್ಕ ಸರಿಯಿದ್ದಾಗ ಒಮ್ಮೆ, ಕಡಿದಾಗ ಒಮ್ಮೆ ಈ ಪುಟದ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ತಾನೇ ಮಾತಾಡುತ್ತದೆ.

ಲ್ಯಾನ್ ತಂತಿ ಅಥವಾ ಫೈಬರ್ ಇದ್ದಲ್ಲಿ

ಕಟ್ಟಡದ ಸ್ವಿಚ್‌ನಿಂದ ಲ್ಯಾನ್ ತಂತಿ ಬರುತ್ತಿದ್ದರೆ ಅದರ ಉದ್ದ 100 ಮೀಟರ್ ಮೀರಿರಬಾರದು. ಅದರೊಳಗೆ ನಾಲ್ಕು ಜೋಡಿ ಎಳೆಗಳಿರುತ್ತವೆ. 100 ಎಂಬಿಪಿಎಸ್ ವೇಗಕ್ಕೆ ಎರಡು ಜೋಡಿ ಸಾಕು, 1 ಜಿಬಿಪಿಎಸ್‌ಗೆ ನಾಲ್ಕೂ ಬೇಕು. ವೇಗ ಹಠಾತ್ತನೆ 100ರ ಮಟ್ಟಕ್ಕೆ ಇಳಿದು ಅಲ್ಲೇ ನಿಂತಿದ್ದರೆ ಒಂದು ಎಳೆ ತುಂಡಾಗಿರುವ ಶಂಕೆ ಇದೆ. ಪ್ಲಾಸ್ಟಿಕ್ ತುದಿಯ ಕೊಂಡಿ ಮುರಿದು ಸಾಕೆಟ್‌ನಲ್ಲಿ ಜೋಲುವುದು ಮತ್ತೊಂದು ಸಾಮಾನ್ಯ ಕಾರಣ. ತಾರಸಿಯ ಸ್ವಿಚ್‌ಗೆ ವಿದ್ಯುತ್ ಎಲ್ಲಿಂದ ಬರುತ್ತದೆ ಎಂಬುದನ್ನೂ ಅಪಾರ್ಟ್‌ಮೆಂಟ್ ಸಂಘದವರಲ್ಲಿ ವಿಚಾರಿಸಬೇಕು.

ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ ಎಂಬ ದೀಪ ಕೆಂಪಾಗಿ ಮಿನುಗಿದರೆ ಬೆಳಕು ತಲುಪುತ್ತಿಲ್ಲವೆಂದು ಅರ್ಥ. ಫೈಬರ್ ಮಳೆ ಗಾಳಿಗೆ ಅಷ್ಟಾಗಿ ಅಂಜುವುದಿಲ್ಲ, ಬಾಗುವುದಕ್ಕೆ ಅಂಜುತ್ತದೆ. ಮೇಜಿನ ಕಾಲಿನಡಿ ಸಿಕ್ಕಿದ, ಬಿಗಿಯಾಗಿ ಸುತ್ತಿ ಮೊಳೆ ಹೊಡೆದ ಫೈಬರ್‌ನಿಂದ ಬೆಳಕು ಸೋರುತ್ತದೆ. ಪೆಟ್ಟಿಗೆಯ ಸ್ಥಿತಿ ಪುಟದಲ್ಲಿ ಬೆಳಕಿನ ಬಲ ಮೈನಸ್ 15ರಿಂದ ಮೈನಸ್ 25 ಡಿಬಿಎಂ ನಡುವೆ ಇದ್ದರೆ ಒಳ್ಳೆಯದು. ಮೈನಸ್ 27ರ ಬಳಿ ಸುಳಿದಾಡುತ್ತಿದ್ದರೆ ಕಡಿತ ಖಚಿತ. ಬಿಚ್ಚಿದ ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬಾರದು. ಅದರೊಳಗಿನ ಲೇಸರ್ ಕಣ್ಣಿಗೆ ಕಾಣದು, ಆದರೆ ಹಾನಿ ಮಾಡಬಲ್ಲದು.

ಮುಟ್ಟಬಾರದ ಜಾಗಗಳು

ವಿದ್ಯುತ್ ಕಂಬ, ಬೀದಿಯ ಆಂಪ್ಲಿಫೈಯರ್ ಪೆಟ್ಟಿಗೆ, ತಾರಸಿಯ ಮೇಲೆ ಹಾದುಹೋಗುವ ಕೇಬಲ್ ಕಟ್ಟುಗಳು ಗ್ರಾಹಕರ ಕೈಗೆ ಸಲ್ಲದವು. ಕೇಬಲ್ ಎಲ್ಲಾದರೂ ವಿದ್ಯುತ್ ತಂತಿಗೆ ತಗುಲಿದ್ದರೆ ಅದರ ಹೊರಕವಚದಲ್ಲೇ ವಿದ್ಯುತ್ ಹರಿಯಬಹುದು. ಕನೆಕ್ಟರ್ ಮುಟ್ಟಿದಾಗ ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ ಸೇವಾದಾರರಿಗೆ ತಿಳಿಸಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಮೋಡ ಕವಿಯುವಾಗಲೇ ವಿದ್ಯುತ್ ಪ್ಲಗ್ ಹಾಗೂ ಕೇಬಲ್ ಎರಡನ್ನೂ ಮೋಡೆಮ್‌ನಿಂದ ಬಿಡಿಸಿಡಬೇಕು. ಸಿಡಿಲು ಆರಂಭವಾದ ಮೇಲೆ ಮುಟ್ಟಬಾರದು.

ದೂರು ಹೇಗಿರಬೇಕು?

‘ನೆಟ್ ಸರಿಯಾಗಿ ಬರುತ್ತಿಲ್ಲ’ ಎಂಬ ದೂರಿಗೆ ‘ಮೋಡೆಮ್ ಆರಿಸಿ ಹೊತ್ತಿಸಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದರ ಬದಲು ಹೀಗೆ ಬರೆಯಬಹುದು: ‘ಏಳು ದಿನಗಳಲ್ಲಿ 14 ಬಾರಿ ಸಂಪರ್ಕ ಕಡಿದಿದೆ. ಅವುಗಳಲ್ಲಿ 11 ಬಾರಿ ಮಳೆಯ ನಂತರ. ಸ್ಪ್ಲಿಟರ್ ತೆಗೆದು, ಬೇರೆ ಅಡಾಪ್ಟರ್ ಹಾಕಿ ನೋಡಲಾಗಿದೆ. ರೂಟರ್ ಓಗೊಡುತ್ತಿದ್ದು ನಿಮ್ಮ ಜಾಲದ ಮೊದಲ ನಿಲ್ದಾಣ ಓಗೊಡುತ್ತಿಲ್ಲ. ಹೊರಹೋಗುವ ಬಲ 52 ಡಿಬಿಎಂವಿ. ಚಿತ್ರಗಳು ಲಗತ್ತಾಗಿವೆ. ಹೊರಗಿನ ಜೋಡಣೆಗಳನ್ನು ಪರಿಶೀಲಿಸಬೇಕು.’ ಇಂಥ ದೂರನ್ನು ಮನೆಯೊಳಗಿನ ದೋಷವೆಂದು ತಳ್ಳಿಹಾಕುವುದು ಸುಲಭವಲ್ಲ. ಹೊರಗಿನ ಮಾರ್ಗ ನೋಡಬಲ್ಲ ಸಿಬ್ಬಂದಿಯನ್ನು ಕಳುಹಿಸುವಂತೆ ಕೇಳಲೂ ಆಧಾರ ದೊರೆಯುತ್ತದೆ.

ದೂರಿನ ಸಂಖ್ಯೆಯನ್ನು ತಪ್ಪದೆ ಪಡೆಯಬೇಕು. ಬಡಾವಣೆಯ ಕೇಬಲ್ ನಿರ್ವಾಹಕರಿಗೆ ಬಾಯಿಮಾತಿನಲ್ಲಿ ಹೇಳಿದ್ದು ಎಲ್ಲಿಯೂ ದಾಖಲಾಗುವುದಿಲ್ಲ. ಬಿಲ್ಲಿನ ಮೇಲೆ ಮುದ್ರಿತವಾಗಿರುವ ಸೇವಾದಾರ ಸಂಸ್ಥೆಯಲ್ಲೇ ದೂರು ನೋಂದಾಯಿಸಬೇಕು. ಸಮಸ್ಯೆ ಬಗೆಹರಿಯದೆ ‘ಪರಿಹಾರವಾಗಿದೆ’ ಎಂಬ ಸಂದೇಶ ಬಂದರೆ ಸುಮ್ಮನಿರದೆ ಅದೇ ದಿನ ಲಿಖಿತವಾಗಿ ಆಕ್ಷೇಪಿಸಬೇಕು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ‘ಟ್ರಾಯ್’ 2012ರಲ್ಲಿ ಹೊರಡಿಸಿದ ದೂರು ಪರಿಹಾರ ನಿಯಮಾವಳಿ ಎರಡು ಹಂತಗಳನ್ನು ಹೇಳುತ್ತದೆ. ಮೊದಲು ಸಂಸ್ಥೆಯ ದೂರು ಕೇಂದ್ರ. ಅಲ್ಲಿ ನ್ಯಾಯ ಸಿಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರ. ಮೇಲ್ಮನವಿಗೆ ಶುಲ್ಕವಿಲ್ಲ. ಬ್ರಾಡ್‌ಬ್ಯಾಂಡ್ ಸೇವೆಯ ಗುಣಮಟ್ಟಕ್ಕೆ 2006ರಲ್ಲಿ ರೂಪಿಸಿದ್ದ ನಿಯಮಗಳ ಜಾಗದಲ್ಲಿ ಟ್ರಾಯ್‌ನ 2024ರ ಹೊಸ ನಿಯಮಾವಳಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಆದರೆ ಟ್ರಾಯ್ ವೈಯಕ್ತಿಕ ದೂರುಗಳನ್ನು ತಾನೇ ವಿಚಾರಿಸುವುದಿಲ್ಲ.

ಅಲ್ಲೂ ಪರಿಹಾರ ಸಿಗದವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವೂ ಇದೆ. ದೂರಸಂಪರ್ಕ ಸಂಸ್ಥೆಗಳ ವಿರುದ್ಧ ಗ್ರಾಹಕರು ಗ್ರಾಹಕ ವೇದಿಕೆಯ ಮೊರೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. ಅಲ್ಲಿಯವರೆಗೆ ಹೋಗಬೇಕಾಗಿ ಬಂದರೆ ವೇಳೆ ಸಹಿತ ಬರೆದಿಟ್ಟ ದಿನಚರಿ ಪುಸ್ತಕವೇ ಗ್ರಾಹಕರ ಸಾಕ್ಷಿ.

ಒಂದೊಂದೇ ಬದಲಾವಣೆ

ಕಡೆಯದಾಗಿ ಒಂದು ಎಚ್ಚರಿಕೆ. ಸಿಟ್ಟಿನಲ್ಲಿ ಒಂದೇ ದಿನ ಕನೆಕ್ಟರ್, ಅಡಾಪ್ಟರ್, ರೂಟರ್ ಎಲ್ಲವನ್ನೂ ಬದಲಿಸಬಾರದು. ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯದು; ಮುಂದಿನ ಮಳೆಗಾಲದಲ್ಲಿ ದೋಷ ಮರಳಿದಾಗ ಮತ್ತೆ ಮೊದಲಿನಿಂದ ಹುಡುಕಬೇಕು. ಒಂದನ್ನು ಬದಲಿಸಿ, ದಿನಚರಿಯಲ್ಲಿ ಬರೆದು, ಎರಡು ಮೂರು ದಿನ ಕಾದು, ಅನಂತರ ಮುಂದಿನದಕ್ಕೆ ಕೈ ಹಾಕಬೇಕು. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಖರ್ಚಿನವು ಕೊನೆಗೆ. ಪಕ್ಕದ ಮನೆಯ ವಿಚಾರಣೆ, ಗೋಡೆಯ ಸಾಕೆಟ್, ಕನೆಕ್ಟರ್ ಬಿಗಿ ಮಾಡುವುದು, ಸ್ಪ್ಲಿಟರ್ ಬಿಡಿಸುವುದು ಈ ನಾಲ್ಕಕ್ಕೂ ಬಿಡಿಗಾಸು ಬೇಕಿಲ್ಲ. ಅಂಗಡಿಗೆ ಹೋಗುವ ಮುನ್ನ ಅವಿಷ್ಟನ್ನು ಮುಗಿಸಿಕೊಂಡವರಿಗೆ ಹೊಸ ರೂಟರ್ ಕೊಳ್ಳುವ ಅಗತ್ಯವೇ ಬಾರದಿರಬಹುದು.